ಕುಂಬಾದ ಕಿಟಕಿ ಚೌಕಟ್ಟಿಗೆ ಎಪಾಕ್ಸಿ ಕಿಟ್: ಎರಡು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಮರದ ಕಿಟಕಿಯ ಚೌಕಟ್ಟು ಕುಂಬಾಗಿದೆ ಎಂಬುದು ಹೆಚ್ಚಾಗಿ ಬಣ್ಣ ಹೊಡೆಯಲು ಕೈಹಾಕಿದ ದಿನವೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ಹಳೆಯ ಬಣ್ಣದ ಪದರವೇ ಮರದ ಆಕಾರವನ್ನು ಹಿಡಿದಿಟ್ಟುಕೊಂಡು ಒಳಗಿನ ಟೊಳ್ಳನ್ನು ಮರೆಮಾಡಿರುತ್ತದೆ. ನಾನು ಮರಳು ಕಾಗದ ಹಿಡಿದು ಉಜ್ಜತೊಡಗಿದಾಗ ಕೆಳಪಟ್ಟಿಯ ಎಡಮೂಲೆಯಲ್ಲಿ ಬಣ್ಣ ಮೆತ್ತಗೆ ತಗ್ಗಿತು. ಒತ್ತಿ ನೋಡಿದರೆ ಹೆಬ್ಬೆರಳು ಉಗುರಿನವರೆಗೂ ಒಳಗಿಳಿಯಿತು. ಇಡೀ ಚೌಕಟ್ಟನ್ನು ಕಿತ್ತು ಹೊಸದನ್ನು ಕೂರಿಸಬೇಕಾದರೆ ಸುತ್ತಲಿನ ಗಾರೆ ಒಡೆಯಬೇಕು, ಗಾಜಿನ ಬಾಗಿಲುಗಳನ್ನು ಬಿಚ್ಚಬೇಕು, ಗಟ್ಟಿಯಾಗಿಯೇ ಇರುವ ಮುಕ್ಕಾಲು ಪಾಲು ಮರವನ್ನೂ ಜೊತೆಗೆ ಎಸೆಯಬೇಕು. ಆ ರಗಳೆ ಬೇಡವೆಂದು, ಕುಂಬಾದ ಮರಕ್ಕೆಂದೇ ತಯಾರಿಸಿದ ಎಪಾಕ್ಸಿ ಕಿಟ್ ಒಂದನ್ನು ತಂದೆ. ಅದರಿಂದ ಎರಡು ಕಿಟಕಿಗಳನ್ನು ರಿಪೇರಿ ಮಾಡಿದೆ. ಅವುಗಳಲ್ಲಿ ಒಂದನ್ನು ಎರಡು ಸಲ ಮಾಡಬೇಕಾಯಿತು. ಕೊನೆಯ ರಿಪೇರಿಯ ಮೇಲೆ ಎರಡು ಮಳೆಗಾಲಗಳು ಹಾದುಹೋಗಿರುವುದರಿಂದ ಈಗ ಅದರ ಬಗ್ಗೆ ಧೈರ್ಯವಾಗಿ ಬರೆಯಬಹುದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಬಗೆಯ ಕಿಟ್‌ಗಳ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಕೆಳಗೆ ಹೇಳುವ ಗುಣದೋಷಗಳೂ ಅವಕ್ಕೆಲ್ಲ ಬಹುಮಟ್ಟಿಗೆ ಅನ್ವಯಿಸುತ್ತವೆ.

ಪೆಟ್ಟಿಗೆಯಲ್ಲಿ ಎರಡು ಜೋಡಿಗಳಿವೆ. ಮೊದಲನೆಯದು ನೀರಿನಷ್ಟು ತೆಳುವಾದ ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಇವೆರಡನ್ನೂ ಬೆರೆಸಿ ಕುಂಬು ಹಿಡಿದ ನಾರುಗಳಿಗೆ ಕುಡಿಸಬೇಕು. ಎರಡನೆಯದು ನಾದಿದ ಕಣಕದಂತಿರುವ ಪುಟ್ಟಿ, ಇದಕ್ಕೂ ಪ್ರತ್ಯೇಕ ಹಾರ್ಡನರ್ ಇದೆ. ಮರ ಹೋದ ಜಾಗವನ್ನು ಇದರಿಂದ ತುಂಬಬೇಕು. ಜೊತೆಗೆ ಅಳತೆಯ ಲೋಟಗಳು, ಕಲಕುವ ಕಡ್ಡಿಗಳು, ಮೂತಿಯಿರುವ ಒಂದು ಬಾಟಲಿ, ಒಂದು ಜೊತೆ ಕೈಗವಸು ಮತ್ತು ಎರಡು ಪುಟದ ಸೂಚನಾಪತ್ರ. ಪೆಟ್ಟಿಗೆಯ ಮೇಲೆ, ಕೊಳೆತ ಮರವನ್ನು ಇದು ಮೊದಲಿಗಿಂತಲೂ ಗಟ್ಟಿಯಾಗಿಸುತ್ತದೆ ಎಂಬರ್ಥದ ಭರವಸೆ ಅಚ್ಚಾಗಿದೆ. ಆ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ತಿಳಿಯಲು ನನಗೆ ಒಂದು ಕಿಟಕಿಯ ಕೆಲಸ ಹಾಳಾಗಬೇಕಾಯಿತು.

ಮರ ಕುಂಬಾಗುವುದು ಶಿಲೀಂಧ್ರದಿಂದ. ಅದಕ್ಕೆ ಗಾಳಿ, ಹದವಾದ ಬಿಸಿ ಮತ್ತು ತಿನ್ನಲು ಮರ ಬೇಕು, ಇವೆಲ್ಲ ಎಲ್ಲ ಮನೆಗಳಲ್ಲೂ ಸದಾ ಇದ್ದೇ ಇರುತ್ತವೆ; ನಮ್ಮ ಹಿಡಿತಕ್ಕೆ ಸಿಗುವುದು ತೇವವೊಂದೇ. ಮರದ ಒಣತೂಕದ ಶೇ 20ಕ್ಕಿಂತ ಕಡಿಮೆ ನೀರು ಅದರಲ್ಲಿದ್ದರೆ ಕುಂಬು ಬೆಳೆಯುವುದಿಲ್ಲವೆಂದು ಬಡಗಿಗಳೂ ಎಂಜಿನಿಯರುಗಳೂ ಲೆಕ್ಕ ಹಿಡಿಯುತ್ತಾರೆ. ಸುಮಾರು ಶೇ 28ರಿಂದ 30ರ ಹೊತ್ತಿಗೆ ನಾರುಗಳು ನೀರಿನಿಂದ ತುಂಬಿಹೋಗಿ, ಅಲ್ಲಿಂದಾಚೆಗೆ ಶಿಲೀಂಧ್ರ ಸರಾಗವಾಗಿ ಹಬ್ಬುತ್ತದೆ. ಕಿಟಕಿಗಳಲ್ಲಿ ಹೆಚ್ಚಾಗಿ ಕಾಣುವುದು ಕಂದು ಕುಂಬು. ಇದು ಮರದ ಸೆಲ್ಯುಲೋಸನ್ನು ತಿಂದು, ಕಂದುಬಣ್ಣದ ಲಿಗ್ನಿನ್ನನ್ನು ಬಿಟ್ಟುಹೋಗುವುದರಿಂದ ಮರ ಒಣಗಿದಾಗ ಚಿಕ್ಕ ಚಿಕ್ಕ ಚೌಕಗಳಾಗಿ ಬಿರುಕುಬಿಟ್ಟು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಇದರ ಕೇಡು ಕಣ್ಣಿಗೆ ಕಾಣುವುದಕ್ಕಿಂತ ಮುಂಚೆಯೇ ನಡೆದಿರುತ್ತದೆ: ತೂಕದಲ್ಲಿ ಶೇ 10ರಷ್ಟು ಇಳಿಯುವುದರೊಳಗೆ ಮರದ ಬಲದಲ್ಲಿ ಬಹುಪಾಲು ಹೋಗಿರುತ್ತದೆ. ಆದ್ದರಿಂದ ಕಣ್ಣನ್ನು ನಂಬದೆ ದಬ್ಬಳದಿಂದ ಚುಚ್ಚಿ ನೋಡಬೇಕು. ಗಟ್ಟಿ ಮರವನ್ನು ದಬ್ಬಳದ ತುದಿಯಿಂದ ಮೀಟಿದರೆ ಉದ್ದನೆಯ ಸಿಬಿರು ಏಳುತ್ತದೆ. ಕುಂಬಾದದ್ದು ಸದ್ದಿಲ್ಲದೆ ತುಂಡಾಗಿ ಬರುತ್ತದೆ. ನನ್ನ ಕಿಟಕಿಯಲ್ಲಿ ಕೆಳಪಟ್ಟಿಯ ಎಡಭಾಗ ಒಂದು ಗೇಣಿನಷ್ಟು, ಅದಕ್ಕೆ ಕೂಡುವ ನಿಲುವುಪಟ್ಟಿಯ ಬುಡ ನಾಲ್ಕು ಬೆರಳಿನಷ್ಟು ಹೀಗೆ ಹೋಗಿತ್ತು. ಹಾಳು ಸಂದಿನಿಂದಲೇ ಶುರುವಾದುದರಲ್ಲಿ ಆಶ್ಚರ್ಯವಿಲ್ಲ. ನಾರುಗಳ ಕತ್ತರಿಸಿದ ತುದಿ ನೀರನ್ನು ಹೀರುವ ವೇಗ ಪಟ್ಟಿಯ ಮೈ ಹೀರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ನಿಲುವುಪಟ್ಟಿಯ ಅಂಥ ತುದಿ ಬಂದು ಕೂರುವುದೂ ಆ ಸಂದಿನಲ್ಲಿಯೇ.

ಮೊದಲ ಸಲ ನಾನು ಸೂಚನಾಪತ್ರವನ್ನು ಅಕ್ಷರಶಃ ಪಾಲಿಸಿದೆ. ಪುಡಿಯಾದ ಮರವನ್ನು ಉಳಿಯಿಂದ ಕೆರೆದು, ತೆಳು ರಾಳ ಕುಡಿಸಿ, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದೆ. ಎರಡು ದಿನದಲ್ಲಿ ಮುಗಿದ ಆ ಕೆಲಸ ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಐದಾರು ತಿಂಗಳಲ್ಲಿ ಪುಟ್ಟಿಯ ಸುತ್ತ ಕೂದಲೆಳೆಯಷ್ಟು ಗೆರೆ ಮೂಡಿತು, ಮುಂದಿನ ಮಳೆಗೆ ಬಣ್ಣ ಗುಳ್ಳೆಯೆದ್ದಿತು, ಕೊನೆಗೆ ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದರೆ ಇಡೀ ಪುಟ್ಟಿ ಅಚ್ಚಿನಿಂದ ಬಿಡಿಸಿದ ಬೆಲ್ಲದಂತೆ ಒಂದೇ ತುಂಡಾಗಿ ಕೈಗೆ ಬಂತು. ಪುಟ್ಟಿಗೆ ಏನೂ ಆಗಿರಲಿಲ್ಲ, ಅದು ಕಲ್ಲಿನಂತೆಯೇ ಇತ್ತು. ಅದರ ಹಿಂದಿನ ಮರ ಮತ್ತೆ ಮೆತ್ತಗಾಗಿತ್ತು. ತಪ್ಪು ಬಹುಪಾಲು ನನ್ನದು. ಆದರೆ ಸೂಚನಾಪತ್ರದಲ್ಲಿ ಒಣಗಿಸುವ ಬಗ್ಗೆ ಇರುವುದು ‘ಮೇಲ್ಮೈ ಒಣಗಿರಲಿ’ ಎಂಬ ಒಂದೇ ವಾಕ್ಯ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಬಗ್ಗೆ ಒಂದು ಪದವೂ ಇಲ್ಲ. ಮೇಲ್ಮೈ ಮುಟ್ಟಿದರೆ ಒಣಗಿದಂತೆಯೇ ಇತ್ತು! ಬಣ್ಣ, ಎಪಾಕ್ಸಿ ಎರಡೂ ನೀರನ್ನು ಹೊರಗಿಡುವಷ್ಟೇ ನಿಷ್ಠೆಯಿಂದ ಒಳಗಿನ ನೀರನ್ನು ಒಳಗೇ ಕೂಡಿಹಾಕುತ್ತವೆ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕಾದದ್ದು ತಯಾರಕರ ಹೊಣೆ. ಈ ಕಿಟ್‌ನ ಮೇಲೆ ನನ್ನ ಅತಿ ದೊಡ್ಡ ದೂರು ಇದೇ.

ಎರಡನೆಯ ಸಲ ಮೊದಲು ನೀರಿನ ದಾರಿ ಹುಡುಕಿದೆ. ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸುವಾಗ ಕೆಳಗಿನಿಂದ ಶುರುಮಾಡಿ, ಒಂದೊಂದು ಹಂತದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಮೇಲೇರಬೇಕು. ಮೇಲಿನಿಂದ ಸುರಿದರೆ ಎಲ್ಲವೂ ನೆನೆದು, ಯಾವ ಬಿರುಕಿನಿಂದ ಒಳಗೆ ಹೋಯಿತೆಂಬುದೇ ತಿಳಿಯುವುದಿಲ್ಲ. ಕೆಳಪಟ್ಟಿಗೆ ಮತ್ತು ನಿಲುವುಪಟ್ಟಿಯ ಮಧ್ಯಕ್ಕೆ ನೀರು ಬಿಟ್ಟಾಗ ಏನೂ ಆಗಲಿಲ್ಲ. ಮೇಲಿನ ಮೂಲೆಯಲ್ಲಿ ಚೌಕಟ್ಟೂ ಗೋಡೆಯೂ ಸೇರುವ ಕಡೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ, ಅಲ್ಲಿಂದ ಒಂದು ಮೀಟರಿಗೂ ಹೆಚ್ಚು ಕೆಳಗೆ, ನಾನು ಕೆರೆದಿದ್ದ ಗುಳಿಯ ಹಿಂಬದಿಯಲ್ಲಿ ನೀರು ಜಿನುಗಿತು. ಸಂದಿಗೆ ಮೆತ್ತಿದ್ದ ಸೀಲೆಂಟ್ ಒಣಗಿ ಗೋಡೆಯಿಂದ ಬಿಟ್ಟುಕೊಂಡಿತ್ತು, ಎರಚಲು ಆ ಸೀಳಿನಲ್ಲಿ ಇಳಿದು ಚೌಕಟ್ಟಿನ ಬೆನ್ನಿಗೆ ಹರಿಯುತ್ತಿತ್ತು. ಇನ್ನೊಂದು ತಪ್ಪು ಕೆಳಪಟ್ಟಿಯ ಅಡಿಯಲ್ಲಿತ್ತು. ಹೊರಚಾಚಿದ ಅಂಚಿನ ಕೆಳಗೆ, ನೀರು ಗೋಡೆಯತ್ತ ಹಿಂದಕ್ಕೆ ಹರಿಯದೆ ತೊಟ್ಟಿಕ್ಕಿ ಬೀಳಲೆಂದು ಬಡಗಿ ಕೊರೆದಿದ್ದ ಸಣ್ಣ ತೋಡನ್ನು ಹಿಂದೆ ಯಾರೋ ಗಾರೆಯಿಂದ ಚೊಕ್ಕವಾಗಿ ಮುಚ್ಚಿಬಿಟ್ಟಿದ್ದರು. ಅಂದಗೆಡಿಸುವ ಸೀಳು ಎಂದುಕೊಂಡಿರಬೇಕು. ಅರ್ಧ ಅಂಗುಲವೂ ಅಗಲವಿಲ್ಲದ ಆ ತೋಡಿನ ಬೆಲೆ ಗೊತ್ತಿದ್ದವರು ಅದನ್ನು ಮುಚ್ಚುವುದಿಲ್ಲ. ನಾನು ಅದನ್ನು ಮತ್ತೆ ಕೊರೆದು ತೆಗೆದೆ, ಮೇಲಿನ ಸಂದಿಗೆ ಬಣ್ಣ ಹಿಡಿಯುವ ಪಾಲಿಯುರೆಥೇನ್ ಸೀಲೆಂಟ್ ತುಂಬಿದೆ. ಸಿಲಿಕೋನ್ ಹಾಕಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಕೆಳಪಟ್ಟಿಯ ಅಡಿಯ ಅಂಚಿಗೆ ಮಾತ್ರ ಯಾವ ಸೀಲೆಂಟನ್ನೂ ಹಾಕಲಿಲ್ಲ. ಒಳಗೆ ಸೇರಿದ ನೀರಿಗೆ ಹೊರಹೋಗಲು ಒಂದು ದಾರಿ ಇರಲೇಬೇಕು.

ಆಮೇಲೆ ಒಣಗಿಸುವ ಕೆಲಸ. ಎರಡು ಮುಳ್ಳುಗಳನ್ನು ಮರಕ್ಕೆ ಚುಚ್ಚಿ ತೇವ ತೋರಿಸುವ ಮಾಪಕವನ್ನು ತಂದು ಗುಳಿಯ ತಳಕ್ಕೆ ಚುಚ್ಚಿದಾಗ 27 ತೋರಿಸಿತು, ಎರಡು ಅಡಿ ಆಚೆಯ ಒಳ್ಳೆಯ ಮರದಲ್ಲಿ 13. ಮಳೆ ತಾಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆಯನ್ನು ಚಪ್ಪರದಂತೆ ಇಳಿಬಿಟ್ಟೆ. ಅದನ್ನು ಮರಕ್ಕೆ ಅಂಟಿಸಿದರೆ ಗಾಳಿ ಆಡುವುದಿಲ್ಲ, ಒಣಗುವ ಮಾತಂತೂ ದೂರವೇ ಉಳಿಯಿತು. ಹೀಟ್ ಗನ್ ಹಿಡಿದು ಒಂದೇ ಮಧ್ಯಾಹ್ನದಲ್ಲಿ ಒಣಗಿಸುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಹೊರಮೈ ಒಣಗಿ ಬಿರುಕುಬಿಡುತ್ತದೆ, ಒಳಗಿನ ನೀರು ಅಲ್ಲಿಯೇ ಇರುತ್ತದೆ. ಗುಳಿಯ ತಳದ ಅಂಕಿ 15ರ ಕೆಳಗೆ ಇಳಿಯಲು ನನಗೆ ಇಪ್ಪತ್ತಮೂರು ದಿನ ಹಿಡಿಯಿತು. ಎರಡು ದಿನದ ಕೆಲಸ ಎಂದು ಪೆಟ್ಟಿಗೆಯ ಮೇಲೆ ಬರೆದಿರುವವರು ಈ ಇಪ್ಪತ್ತಮೂರನ್ನೂ ಸೇರಿಸಿ ಲೆಕ್ಕ ಹೇಳುವುದು ನ್ಯಾಯ.

ಕಿಟ್‌ನಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಇನ್ನೊಂದು ಸಾಮಾನು ಬೋರೇಟ್, ಅಂದರೆ ಶಿಲೀಂಧ್ರವನ್ನು ಕೊಲ್ಲುವ ಬೋರಾನಿನ ಲವಣ. ಎಪಾಕ್ಸಿ ಶಿಲೀಂಧ್ರವನ್ನು ಕೊಲ್ಲುವ ಔಷಧವಲ್ಲ. ತಾನು ತಲುಪಿದ ಕಡೆ ಅದನ್ನು ಹೂತುಹಾಕುತ್ತದೆ, ತಲುಪದ ಕಡೆ ಅದು ಮಲಗಿರುತ್ತದೆ, ತೇವ ಸಿಕ್ಕಾಗ ಏಳುತ್ತದೆ. ಬೋರಾನಿನ ಲವಣ ನೀರಿನಲ್ಲಿ ಕರಗಿ, ತೇವವಿರುವ ಮರದೊಳಗೆ ತಾನಾಗಿಯೇ ಹರಡುತ್ತದೆ. ಹೀಗಾಗಿ ಮರ ಪೂರ್ತಿ ಒಣಗುವ ಮೊದಲೇ ಅದನ್ನು ಹಚ್ಚುವುದು ಲಾಭ. ಒಣಗಿದ ಮೇಲೆ ಮೇಲ್ಮೈಯಲ್ಲಿ ಉಪ್ಪಿನಂತೆ ಬಿಳಿ ಪುಡಿ ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಒಣಗಿಸಬೇಕು, ಇಲ್ಲದಿದ್ದರೆ ಎಪಾಕ್ಸಿ ಮರಕ್ಕೆ ಕಚ್ಚುವ ಬದಲು ಆ ಪುಡಿಗೆ ಕಚ್ಚುತ್ತದೆ. ಲವಣ ಸೇರಿದ ಮರದಲ್ಲಿ ಮುಳ್ಳಿನ ಮಾಪಕ ನಿಜಕ್ಕಿಂತ ಹೆಚ್ಚು ತೇವ ತೋರಿಸುತ್ತದೆ ಎಂಬುದನ್ನೂ ನೆನಪಿಡಬೇಕು. ನನ್ನ ಇಪ್ಪತ್ತಮೂರು ದಿನಗಳಲ್ಲಿ ಒಂದೆರಡು ಈ ಕಾರಣದಿಂದ ವ್ಯರ್ಥವಾಗಿದ್ದರೂ ಇರಬಹುದು.

ಇಷ್ಟಾದ ಮೇಲೆ ಕಿಟ್‌ಗೆ ಅದರ ಶಕ್ತಿ ತೋರಿಸುವ ಅವಕಾಶ ಸಿಕ್ಕಿತು, ಅದು ಚೆನ್ನಾಗಿಯೇ ತೋರಿಸಿತು. ತೆಳು ರಾಳದ ಬಗ್ಗೆ ನನಗೆ ಅನುಮಾನವಿತ್ತು. ಅದಕ್ಕಾಗಿ ಕೆರೆದು ತೆಗೆದ ತುಂಡೊಂದನ್ನು ಚೆನ್ನಾಗಿ ಒಣಗಿಸಿ, ರಾಳ ಕುಡಿಸಿ, ಗಟ್ಟಿಯಾದ ಮೇಲೆ ಗರಗಸದಿಂದ ಸೀಳಿ ನೋಡಿದೆ. ನಾರಿನ ತುದಿಯಿಂದ ಅದು ಒಂದು ಅಂಗುಲದಷ್ಟು ಒಳಹೊಕ್ಕಿತ್ತು, ಪಕ್ಕದ ಮೈಯಿಂದ ಎರಡು ಮೂರು ಮಿಲಿಮೀಟರ್ ಮಾತ್ರ. ಕುಂಬು ಹೆಚ್ಚು ಆಳವಾಗಿದ್ದರೆ ಸಣ್ಣ ಬೈರಿಗೆಯಿಂದ ಓರೆಯಾಗಿ ತೂತುಗಳನ್ನು ಕೊರೆದು ಮೂತಿಬಾಟಲಿಯಿಂದ ತುಂಬಬೇಕು, ಅದು ಇಂಗಿದಂತೆ ಮತ್ತೆ ಮತ್ತೆ ತುಂಬಬೇಕು. ಹೀಗೆ ಮೂರು ಸುತ್ತು ಕುಡಿಸಿದ ನಂತರ, ಹಿಂದಿನ ದಿನ ಉಗುರಿಗೆ ಬಗ್ಗುತ್ತಿದ್ದ ಅಂಚುಗಳು ಉಳಿಯ ಬಾಯಿಗೂ ಜಗ್ಗಲಿಲ್ಲ. ಪುಡಿಯಾದ ಮರವನ್ನು ಹಾಗೆಯೇ ಬಿಟ್ಟು ರಾಳ ಸುರಿದರೆ ಸಾಕೆಂಬ ಪೆಟ್ಟಿಗೆಯ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆರಳಲ್ಲಿ ಉದುರುವುದನ್ನೆಲ್ಲ ತೆಗೆದುಹಾಕಿ, ಆಕಾರ ಉಳಿಸಿಕೊಂಡಿರುವ ನಾರಿಗೆ ಮಾತ್ರ ರಾಳ ಕೊಡುವುದು ಸರಿ.

ಪುಟ್ಟಿಯದು ಇದಕ್ಕಿಂತ ದೊಡ್ಡ ಕತೆ. ಎರಡು ಭಾಗಗಳನ್ನು ಸಮಸಮ ತೆಗೆದು ಬಣ್ಣ ಒಂದಾಗುವವರೆಗೆ ಕಲಸಬೇಕು. ಒಂದು ಬಿಳಿ, ಇನ್ನೊಂದು ಕಂದು ಆಗಿರುವುದರಿಂದ ಬೆರೆತಿದೆಯೋ ಇಲ್ಲವೋ ಎಂಬ ಸಂಶಯ ಉಳಿಯುವುದಿಲ್ಲ. ಇದೊಂದು ಒಳ್ಳೆಯ ಏರ್ಪಾಡು. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಳತೆ ತಪ್ಪಿದರೆ ಅದು ಎಷ್ಟು ದಿನ ಕಾದರೂ ಅಂಟಂಟಾಗಿಯೇ ಉಳಿಯುತ್ತದೆ, ಆಗ ಎಲ್ಲವನ್ನೂ ಕೆರೆದು ತೆಗೆಯುವುದೊಂದೇ ಗತಿ. ಕಲಸಿದ ಪುಟ್ಟಿ ಇಳಿಜಾರು ಮೈಯಲ್ಲೂ ಜಾರದೆ ನಿಲ್ಲುತ್ತದೆ, ಸ್ಪಿರಿಟ್‌ನಲ್ಲಿ ಅದ್ದಿದ ಅಲಗಿನಿಂದ ಸವರಿದರೆ ಬೆಣ್ಣೆಯಂತೆ ನಯವಾಗುತ್ತದೆ. ಸಮಯದ ವಿಷಯದಲ್ಲಿ ಎಚ್ಚರ ಬೇಕು. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹೊರಬರುತ್ತದೆ, ಆ ಬಿಸಿ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಸುತ್ತಲಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತೆಳು ರಾಳವನ್ನು ಒಂದೇ ಸಲ ಲೋಟದ ತುಂಬ ಬೆರೆಸಿಟ್ಟು, ಬೈರಿಗೆ ಹುಡುಕಲು ಒಳಗೆ ಹೋಗಿ ಬರುವಷ್ಟರಲ್ಲಿ ಲೋಟ ಹೊಗೆಯಾಡುತ್ತಿತ್ತು, ಅದರ ತಳ ಮೆತ್ತಗಾಗಿ ಸೊಟ್ಟಗಾಗಿತ್ತು. ಮುಟ್ಟಿದ್ದರೆ ಕೈ ಸುಡುತ್ತಿತ್ತು. ಅಂದಿನಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ, ಬೆರೆಸಿದ್ದನ್ನು ಅಗಲವಾದ ತಟ್ಟೆಯಲ್ಲಿ ಹರಡಿಟ್ಟುಕೊಳ್ಳುತ್ತೇನೆ. ಹರಡಿದ್ದು ಬೇಗ ಬಿಸಿಯೇರುವುದಿಲ್ಲ. ಆಳವಾದ ಗುಳಿಯನ್ನೂ ಇದೇ ಕಾರಣಕ್ಕೆ ಎರಡು ಮೂರು ಪದರಗಳಲ್ಲಿ ತುಂಬಬೇಕು. ಗಟ್ಟಿಯಾದ ಪದರದ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ಮೊದಲು ಸೋಪಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಉಜ್ಜಬೇಕು. ನೇರವಾಗಿ ಉಜ್ಜಿದರೆ ಮರಳು ಕಾಗದ ಕಟ್ಟಿಕೊಂಡು ಜಿಡ್ಡು ಇನ್ನಷ್ಟು ಹರಡುತ್ತದೆ. ಕಿಟಕಿಯ ಬಾಗಿಲು ಬಂದು ಕೂರುವ ಅಂಚಿನಲ್ಲಿ ಪುಟ್ಟಿ ತುಂಬುವಾಗ ಬಾಗಿಲಿಗೆ ಪ್ಯಾಕಿಂಗ್ ಟೇಪ್ ಸುತ್ತಿದ್ದೆ. ಎಪಾಕ್ಸಿ ಆ ಟೇಪಿಗೆ ಹಿಡಿಯುವುದಿಲ್ಲ; ಅದಿಲ್ಲದಿದ್ದರೆ ಬಾಗಿಲೂ ಚೌಕಟ್ಟೂ ಶಾಶ್ವತವಾಗಿ ಒಂದಾಗುತ್ತಿದ್ದವು.

ಗಟ್ಟಿಯಾದ ಪುಟ್ಟಿಯನ್ನು ಅರದಿಂದ ಉಜ್ಜಬಹುದು, ಉಳಿಯಿಂದ ಕೆತ್ತಬಹುದು, ಮೊದಲು ತೂತು ಕೊರೆದುಕೊಂಡರೆ ತಿಜಾಗರಿಯ ಸ್ಕ್ರೂ ಸಹ ಅದರಲ್ಲಿ ಭದ್ರವಾಗಿ ಕೂರುತ್ತದೆ. ಹಿಂದೆ ನಾನು ಇಂಥ ಗುಳಿಗಳಿಗೆ ಕಾರಿನ ಮೈಗೆ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ ಬಳಸಿದ್ದೆ. ಅದು ಇಪ್ಪತ್ತು ನಿಮಿಷದಲ್ಲಿ ಉಜ್ಜಲು ಸಿದ್ಧವಾಗುತ್ತದೆ, ಆದರೆ ಗಟ್ಟಿಯಾಗುವಾಗ ಕುಗ್ಗುತ್ತದೆ, ಮರ ಹಿಗ್ಗಿ ಕುಗ್ಗುವಾಗ ಅದರ ಜೊತೆ ಹೋಗದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ನೀರಿನಲ್ಲಿ ಕಲಸುವ ಸಾಮಾನ್ಯ ಪುಟ್ಟಿ ಮೊಳೆಯ ತೂತು ಮುಚ್ಚಲು ಸರಿ. ಸಿಮೆಂಟ್ ಮೆತ್ತುವವರೂ ಇದ್ದಾರೆ. ತೇವ ಹಿಡಿದಿಟ್ಟುಕೊಳ್ಳುವ ವಸ್ತುವನ್ನು ಕುಂಬಾದ ಮರದ ಪಕ್ಕದಲ್ಲಿ ಇಡುವುದು ಶಿಲೀಂಧ್ರಕ್ಕೆ ನೀರು ಹೊಯ್ದು ಸಾಕಿದಂತೆ.

ಎರಡನೆಯ ಕಿಟಕಿಯಲ್ಲಿ ಹಾಳು ಹೆಚ್ಚು ದೊಡ್ಡದಿತ್ತು, ಕೆಳಪಟ್ಟಿಯ ಮೂರನೆಯ ಒಂದು ಪಾಲೇ ಹೋಗಿತ್ತು. ಅಷ್ಟನ್ನೂ ಪುಟ್ಟಿಯಿಂದ ತುಂಬುವುದು ದಂಡ, ತಪ್ಪು ಕೂಡ. ಇಲ್ಲಿ ಹಾಳಾದ ಭಾಗವನ್ನು ಓರೆಯಾಗಿ ಕೊಯ್ದು ತೆಗೆದು, ಅದೇ ಜಾತಿಯ ಚೇಗಿನ ತುಂಡನ್ನು, ಅದರ ಎಳೆ ಹಳೆಯ ಮರದ ಎಳೆಯ ದಿಕ್ಕಿನಲ್ಲಿಯೇ ಬರುವಂತೆ, ಕೂರಿಸಿದೆವು. ಮರ ಎಳೆಯ ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ದಿಕ್ಕು ತಪ್ಪಿದರೆ ತೇಪೆಯೂ ಹಳೆಯ ಮರವೂ ಮಳೆಗಾಲಕ್ಕೊಮ್ಮೆ ಜಗಳಾಡುತ್ತವೆ. ‘ಕೂರಿಸಿದೆವು’ ಎಂದದ್ದು ಸುಮ್ಮನಲ್ಲ, ಓರೆಕೊಯ್ತವನ್ನು ಬೆಳಕು ತೂರದಷ್ಟು ಬಿಗಿಯಾಗಿ ಹೊಂದಿಸಿದ್ದು ಅನುಭವಿ ಬಡಗಿಯೊಬ್ಬರು. ಕಿಟ್‌ನ ಸಾಮಾನು ಇಲ್ಲಿ ಅಂಟಾಗಿ ಕೆಲಸಕ್ಕೆ ಬಂತು: ಮೊದಲು ತೆಳು ರಾಳವನ್ನು ಎರಡೂ ಕೊಯ್ತಗಳಿಗೆ ಕುಡಿಸಿ, ಅದು ಇಂಗಿದ ಮೇಲೆ ಪುಟ್ಟಿಯನ್ನು ತೆಳುವಾಗಿ ಹಚ್ಚಿ ಒತ್ತಿದೆವು. ಮಾಮೂಲಿ ಮರದ ಅಂಟಿಗೆ ಬಿಗಿಯುವಂತೆ ಕ್ಲ್ಯಾಂಪುಗಳ ಹಿಡಿಕೆಗಳನ್ನು ತಿರುಗಿಸಲು ಹೊರಟ ನನ್ನನ್ನು ಅವರು ತಡೆದರು. ಎಪಾಕ್ಸಿಯನ್ನು ಅತಿಯಾಗಿ ಒತ್ತಿದರೆ ಅದೆಲ್ಲ ಹೊರಗೆ ಹಿಂಡಿಹೋಗಿ ಸಂದು ಬರಿದಾಗುತ್ತದೆ. ಎರಡೂ ಕಿಟಕಿಗಳಲ್ಲಿ ನನಗೆ ಹೆಚ್ಚು ನೆಮ್ಮದಿ ಕೊಟ್ಟಿರುವುದು ಈ ತೇಪೆಯೇ.

ಭಾರ ಹೊರುವ ಮರದ ವಿಷಯವನ್ನು ಪೆಟ್ಟಿಗೆ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಕಲ್ಲು ಇಟ್ಟಿಗೆಯ ಗೋಡೆಯಲ್ಲಿ ಕಿಟಕಿಯ ಮೇಲಿನ ಭಾರವನ್ನು ಲಿಂಟೆಲ್ ಹೊರುತ್ತದೆ, ಚೌಕಟ್ಟು ಬಾಗಿಲನ್ನಷ್ಟೇ ಹಿಡಿದಿರುತ್ತದೆ. ಗೋಡೆಯೇ ಮರದ ಕಂಬಗಳಿಂದಾಗಿದ್ದರೆ ಹಾಗಲ್ಲ. ಕಿಟಕಿಯ ಎರಡೂ ಪಕ್ಕದ ಕಂಬಗಳು ಮೇಲಿನ ತೊಲೆಯನ್ನು ಹೊತ್ತು ನಿಂತಿರುತ್ತವೆ. ಅವುಗಳ ಬುಡ ಕುಂಬಾಗಿದ್ದರೆ ಅದು ರಾಳ ಕುಡಿಸಿ ಮುಗಿಸುವ ಕೆಲಸವಲ್ಲ. ಮೇಲಿನ ಭಾರಕ್ಕೆ ತಾತ್ಕಾಲಿಕ ಆಸರೆ ಕೊಟ್ಟು, ಹಾಳಾದ ಕಂಬವನ್ನು ಗಟ್ಟಿ ಮರದಿಂದಲೇ ಬದಲಿಸಬೇಕು, ಅದನ್ನು ತಿಳಿದವರೇ ಮಾಡಬೇಕು.

ಸಣ್ಣಪುಟ್ಟ ದೂರುಗಳೂ ಇವೆ. ಕೊಟ್ಟಿರುವ ಕೈಗವಸು ಅರ್ಧ ಗಂಟೆಯಲ್ಲಿ ಹರಿಯುತ್ತದೆ. ನೈಟ್ರೈಲ್ ಕೈಗವಸನ್ನು ಬೇರೆಯಾಗಿ ತರಬೇಕು. ಇದು ಬರೀ ಕೊಳೆಯ ಪ್ರಶ್ನೆಯಲ್ಲ: ಹಾರ್ಡನರ್‌ನಲ್ಲಿರುವ ಅಮೀನುಗಳು ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದರೆ ಆಮೇಲೆ ಸ್ವಲ್ಪ ತಾಗಿದರೂ ಕೆರಳುತ್ತದೆ. ಕೈಗೆ ಅಂಟಿದ್ದನ್ನು ಥಿನ್ನರ್‌ನಿಂದ ತೊಳೆಯಬಾರದು, ಅದು ರಾಳವನ್ನು ಚರ್ಮದೊಳಗೆ ಇನ್ನಷ್ಟು ಸೇರಿಸುತ್ತದೆ. ಸೋಪು ನೀರು ಸಾಕು. ಹಳೆಯ ಮನೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅದನ್ನು ಒಣದಾಗಿ ಉಜ್ಜಬಾರದು ಎಂಬ ಎಚ್ಚರಿಕೆಯೂ ಸೂಚನಾಪತ್ರದಲ್ಲಿಲ್ಲ. ಹಾರ್ಡನರ್ ಬಾಟಲಿಯ ಮುಚ್ಚಳ ಒಂದೇ ಬಳಕೆಗೆ ಅಂಟಿಕೊಂಡು, ಮುಂದಿನ ಸಲ ಇಕ್ಕಳ ಹಿಡಿಯಬೇಕಾಯಿತು.

ಎಪಾಕ್ಸಿಯನ್ನು ಬಿಸಿಲಿಗೆ ಬರಿದಾಗಿ ಬಿಡುವಂತಿಲ್ಲ, ನೇರಳಾತೀತ ಕಿರಣಕ್ಕೆ ಅದು ಹಳದಿಯಾಗಿ ಸುಣ್ಣದಂತೆ ಪುಡಿ ಬಿಡುತ್ತದೆ. ನಾನು ಒಂದು ಕೈ ಪ್ರೈಮರ್, ಎರಡು ಕೈ ಬಣ್ಣ ಕೊಟ್ಟೆ, ಕಾಣದ ಅಡಿಭಾಗಕ್ಕೂ ನಾರಿನ ತುದಿಗಳಿಗೂ ಒಂದು ಕೈ ಹೆಚ್ಚಾಗಿಯೇ ಕೊಟ್ಟೆ. ಎರಡು ಮಳೆಗಾಲಗಳ ನಂತರ ಮೊದಲ ಕಿಟಕಿಯ ಗುಳಿ ಎಲ್ಲಿತ್ತೆಂದು ತೋರಿಸಲು ನನಗೇ ಬೆರಳಿನಿಂದ ಸವರಿ ನೋಡಬೇಕು. ಗೆರೆಯಿಲ್ಲ, ಗುಳ್ಳೆಯಿಲ್ಲ, ಪಕ್ಕದ ಮರದಲ್ಲಿ ಮಾಪಕ 14 ತೋರಿಸುತ್ತದೆ. ಎರಡನೆಯದರಲ್ಲಿ ತೇಪೆಯ ಓರೆಗೆರೆ ಬಣ್ಣದಡಿಯಲ್ಲಿ ಇಳಿಬಿಸಿಲಿಗೆ ಸ್ವಲ್ಪ ಕಾಣುತ್ತದೆ, ಅಷ್ಟೇ. ಅಂಗೈಯಷ್ಟು ಅಥವಾ ಗೇಣಿನಷ್ಟು ಹಾಳಿಗೆ, ಭಾರ ಹೊರದ ಕಡೆ, ನೀರಿನ ದಾರಿ ಕಟ್ಟಿದ ಮೇಲೆ ಈ ಕಿಟ್ ಒಳ್ಳೆಯ ಸಾಮಾನು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸೂಚನಾಪತ್ರಕ್ಕೆ ಮಾತ್ರ ಒಂದು.

ಮೂರನೆಯ ಕಿಟಕಿಗೆಂದು ಇದೇ ಕಿಟ್ ಅನ್ನು ಮತ್ತೆ ತಂದಿಟ್ಟಿದ್ದೇನೆ. ಗುಳಿ ಕೆರೆದು, ಬೋರೇಟ್ ಹಚ್ಚಿ, ಚಪ್ಪರ ಕಟ್ಟಿ ಹನ್ನೊಂದು ದಿನವಾಯಿತು. ಇಂದು ಬೆಳಿಗ್ಗೆ ಮಾಪಕ 19 ತೋರಿಸಿತು, ಪೆಟ್ಟಿಗೆ ಇನ್ನೂ ಒಡೆದಿಲ್ಲ.